ಟೆಚಿಮಾನ್ ಗಾಡಿಯ ಹೆಡ್‌ಮಾಸ್ಟರ್

ಅಕ್ರಾ ನಗರದ ಬೇವಿನಮರ ಸ್ಟೇಷನ್ನಿನಲ್ಲಿ ಕೋಜೊ ಅದೊಮಾಕೊ ಹತ್ತಿದಷ್ಟು ಸಲ ಟೆಚಿಮಾನ್ ಗಾಡಿಯನ್ನು ಇನ್ಯಾರೂ ಹತ್ತಿಲ್ಲ. ಅವನಷ್ಟು ಸಲ ಟೆಚಿಮಾನ್ ತಲುಪದೆ ಉಳಿದವರೂ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ಹತ್ತುವುದು, ಕೂರುವುದು, ಇಳಿಯುವುದು, ಮತ್ತೆ ಮುಂದಿನ ಗಾಡಿ ಹತ್ತುವುದು. ಇದೇ ಅವನ ಉದ್ಯೋಗ. ಉದ್ಯೋಗ ಎಂದರೆ ಅವನಿಗೆ ಸಾಲದು, ವಿದ್ಯೆ ಎನ್ನಬೇಕು.

ಗಾಡಿ ತುಂಬದೆ ಹೊರಡುವುದಿಲ್ಲ ಎಂಬುದು ಆ ಸ್ಟೇಷನ್ನಿನ ಒಂದೇ ಒಂದು ಕಾನೂನು. ಖಾಲಿ ಗಾಡಿಗೆ ಯಾವ ಬುದ್ಧಿವಂತನೂ ಹತ್ತುವುದಿಲ್ಲ. ಹತ್ತಿದರೆ ತಗಡಿನೊಳಗೆ ಅರ್ಧ ದಿನ ಬೇಯಬೇಕು. ಯಾರೂ ಹತ್ತದಿದ್ದರೆ ಗಾಡಿ ತುಂಬುವುದಾದರೂ ಹೇಗೆ? ದೊಡ್ಡ ದೊಡ್ಡ ಕಚೇರಿಗಳಾದರೆ ಇದಕ್ಕೊಂದು ಸಮಿತಿ ಮಾಡಿ ಚಹಾ ಕುಡಿಯುತ್ತಿದ್ದವು. ಸ್ಟೇಷನ್ನಿನವರು ಕೂರುವುದಕ್ಕೆ ಜನ ಇಟ್ಟುಕೊಂಡರು. ಕೂರುವವರು ಪ್ರಯಾಣಿಕರ ಹಾಗೆ ಕೂತು, ಬೆವರು ಒರೆಸಿಕೊಂಡು, "ಇನ್ನೇನು ಹೊರಡುತ್ತೆ" ಎಂಬ ಮುಖ ಮಾಡಬೇಕು. ನಿಜವಾದ ಪ್ರಯಾಣಿಕ ಬಂದಾಗ ಟಿಕೆಟ್ ಮಾರುವ ಬುಕ್‌ಮ್ಯಾನ್ ಅಂಟ್ವಿ ಕಿಟಕಿಯ ಕೆಳಗಿನ ತಗಡನ್ನು ಅಂಗೈಯಲ್ಲಿ ಎರಡು ಸಲ ತಟ್ಟುತ್ತಾನೆ. ಆ ಸಾಲಿನಲ್ಲಿ ಕೂತಿರುವ ಕೂಲಿಯವನು ಏನೋ ನೆಪ ಹೇಳಿ ಇಳಿದುಬಿಡಬೇಕು. ಇಳಿದವನ ಕೈಗೆ ಒಂದು ನಾಣ್ಯ ಬೀಳುತ್ತದೆ.

ಅದೊಮಾಕೊ ಮೊದಲು ಇದೇ ಸ್ಟೇಷನ್ನಿನಲ್ಲಿ ಗೆಣಸಿನ ಮೂಟೆಗಳನ್ನು ಗಾಡಿಯ ನೆತ್ತಿಗೇರಿಸುತ್ತಿದ್ದ. ಒಂದು ದಿನ ಸೊಂಟ ಹಿಡಿದುಕೊಂಡಿತು. ನೋವು ತಾಳಲಾರದೆ ಒಂದು ಖಾಲಿ ಗಾಡಿಯೊಳಗೆ ಹೋಗಿ ಕೂತ. ನೋವಿಗೆ ಅವನ ಮುಖ ಗಂಭೀರವಾಗಿತ್ತು, ಗಡ್ಡದಲ್ಲಿ ಆಗಲೇ ಬಿಳಿ ಬಂದಿತ್ತು. ದಾರಿಯಲ್ಲಿ ಹೋಗುತ್ತಿದ್ದ ಗಂಡಹೆಂಡತಿ ಕಿಟಕಿಗೆ ಬಂದು, "ಯಜಮಾನ್ರೇ, ಇದು ಬೇಗ ಹೊರಡುತ್ತಾ?" ಎಂದು ಕೇಳಿದರು. ಅವನು ನೋವಿಗೆ "ಹೂಂ..." ಎಂದ. ಇಬ್ಬರೂ ಹತ್ತಿ ಕೂತರು. ಅವರನ್ನು ನೋಡಿ ಇನ್ನಿಬ್ಬರು ಹತ್ತಿದರು. ದೂರದಲ್ಲಿ ನಿಂತು ನೋಡುತ್ತಿದ್ದ ಅಂಟ್ವಿಯ ಕಣ್ಣು ಅಗಲವಾಯಿತು. ಮರುದಿನದಿಂದ ಅದೊಮಾಕೊ ಮೂಟೆ ಹೊರಲಿಲ್ಲ.

ಆಮೇಲೆ ಅವನು ವೇಷವನ್ನು ಒಂದೊಂದಾಗಿ ಕೂಡಿಸಿಕೊಂಡ. ಒಂದು ಟೈ ಬಂತು. ಬರಿಗಾಜಿನ ಕನ್ನಡಕ ಬಂತು. ಹಳೆಯ ಪತ್ರಿಕೆಗಳನ್ನು ತುರುಕಿ ಉಬ್ಬಿಸಿದ ಒಂದು ಚರ್ಮದ ಬ್ಯಾಗು ಬಂತು. ನಿಂತುಹೋದ ಒಂದು ಗಡಿಯಾರ ಮಣಿಕಟ್ಟಿಗೆ ಬಂತು. ಸ್ಟೇಷನ್ನಿನವರೆಲ್ಲ ಅವನನ್ನು ಹೆಡ್‌ಮಾಸ್ಟರ್ ಎನ್ನತೊಡಗಿದರು. ಶಾಲೆಗೂ ಅವನಿಗೂ ಇದ್ದ ಸಂಬಂಧವೆಂದರೆ ಹಿಂದೊಮ್ಮೆ ಶಾಲೆಯ ಗೇಟಿನಲ್ಲಿ ಕಡಲೆಕಾಯಿ ಮಾರಿದ್ದು ಅಷ್ಟೇ. ಆದರೂ ಅವನು ಕೂತ ಗಾಡಿ ಬೇಗ ತುಂಬುತ್ತಿತ್ತು. ಇಷ್ಟು ಓದಿದವರು ಸುಮ್ಮನೆ ಕೂರುತ್ತಾರೆಯೇ, ಗಾಡಿ ಹೊರಡುವುದು ಗೊತ್ತಿದ್ದೇ ಕೂತಿರುತ್ತಾರೆ ಎಂದು ಜನ ನಂಬುತ್ತಿದ್ದರು. ಓದಿದವರು ಸುಮ್ಮನೆ ಕೂರುವುದನ್ನು ಆ ಜನ ನೋಡಿರಲಿಲ್ಲವೆಂದು ಕಾಣುತ್ತದೆ.

ಒಮ್ಮೆ ಯಾವುದೋ ಕಚೇರಿಯಿಂದ ಟೋಪಿ ಹಾಕಿಕೊಂಡ ಹುಡುಗರು ಬಂದು ಗಾಡಿಗಾಡಿಗೂ ತಲೆ ಎಣಿಸಿಕೊಂಡು ಹೋದರು. ಅದೊಮಾಕೊನನ್ನು ಪ್ರತಿ ಗಾಡಿಯಲ್ಲೂ ಎಣಿಸಿದರು, ಅವನೂ ಪ್ರತಿ ಗಾಡಿಯಲ್ಲೂ ಗಂಭೀರವಾಗಿ ತಲೆ ಬಾಗಿಸಿ ಎಣಿಸಿಕೊಂಡ. ಟೆಚಿಮಾನ್ ಕಡೆಗೆ ಜನಸಂಚಾರ ವಿಪರೀತವೆಂದು ತೀರ್ಮಾನವಾಗಿ, ಊರ ಹೊರಗೆ ಗಾಜಿನ ಗೋಡೆಗಳ ಹೊಸ ಸ್ಟೇಷನ್ ಎದ್ದಿತು. ದೊಡ್ಡವರು ಬಂದು ರಿಬ್ಬನ್ ಕತ್ತರಿಸಿದರು. ಈಗ ಅಲ್ಲಿ ಮೇಕೆಗಳು ಮಲಗುತ್ತವೆ. ಗಾಡಿಗಳು ಬೇವಿನಮರ ಬಿಟ್ಟು ಕದಲಲಿಲ್ಲ.

ಅದೊಮಾಕೊನಿಗೆ ತನ್ನ ಕಸುಬಿನ ಮೇಲೆ ಹೇಳತೀರದ ಜಂಬ. ಬೇರೆಯವರು ತಗಡು ತಟ್ಟಿದ ಕೂಡಲೇ ಬೆಂಕಿ ಬಿದ್ದ ಹಾಗೆ ಹಾರಿ ಇಳಿಯುತ್ತಿದ್ದರು. ನಿಜವಾದ ಪ್ರಯಾಣಿಕರಿಗೆ ಅನುಮಾನ ಬರುತ್ತಿತ್ತು. ಅವನು ಹಾಗಲ್ಲ. ಮೊದಲು ಗಡಿಯಾರ ನೋಡುವನು. ನಾಲಿಗೆ ಲೊಚಗುಟ್ಟುವನು. "ಛೆ, ಮುಖ್ಯವಾದ ಕಾಗದ ಮರೆತೆನಲ್ಲ" ಎಂದು ಪಕ್ಕದವರಿಗೆ ಕೇಳುವಷ್ಟು ಮೆಲ್ಲಗೆ ಹೇಳುವನು. ಬ್ಯಾಗು ಎತ್ತಿಕೊಂಡು, ಇಳಿದು, ಬರುವವರಿಗೆ ಬಾಗಿಲು ಹಿಡಿದು, "ಬನ್ನಿ, ಗಾಡಿ ಇನ್ನೇನು ಹೊರಡುತ್ತೆ" ಎನ್ನುವನು. ಅವನಿಗಾಗಿ ಅಂಟ್ವಿ ಮತ್ತೊಮ್ಮೆ ತಗಡು ತಟ್ಟಬೇಕಾಗಿ ಬಂದದ್ದು ಯಾವತ್ತೂ ಇಲ್ಲ. ಅದನ್ನು ಅವನು ದಿನಕ್ಕೊಂದು ಸಲವಾದರೂ ಯಾರಿಗಾದರೂ ಹೇಳದೆ ಬಿಡುತ್ತಿರಲಿಲ್ಲ.

ಅವನಿಗೆ ಮೈಯೆಲ್ಲ ಉರಿಯುತ್ತಿದ್ದುದು ಸಿರಿಬೊನನ್ನು ಕಂಡರೆ. ಸಿರಿಬೊ ಕೂಡ ಕೂರುವವನೇ, ಆದರೆ ಕೂತ ಮರುಕ್ಷಣ ಗೊರಕೆ. ಬಾಯಿ ತೆರೆದು, ಪಕ್ಕದವರ ಭುಜದ ಮೇಲೆ ತಲೆ ಹಾಕಿ ಮಲಗಿಬಿಡುತ್ತಿದ್ದ. ಅವನನ್ನು ಎಬ್ಬಿಸಲು ಅಂಟ್ವಿ ತಗಡನ್ನು ಡೋಲಿನ ಹಾಗೆ ಬಾರಿಸಬೇಕಾಗುತ್ತಿತ್ತು.

"ನಿನ್ನಿಂದ ಕಸುಬಿಗೇ ಕೆಟ್ಟ ಹೆಸರು ಕಣೋ," ಎಂದು ಅದೊಮಾಕೊ ಬೈಯುವನು. "ಮಲಗಿರೋನ್ನ ನೋಡಿದ್ರೆ ಜನ ಏನಂದ್ಕೋತಾರೆ? ಈ ಗಾಡಿ ನಿನ್ನೆಯಿಂದ ನಿಂತಿದೆ ಅಂತ ಅಲ್ವಾ?"

"ನಿಂತಿರೋದು ನಿಜ ತಾನೆ?" ಎಂದು ಸಿರಿಬೊ ಕಣ್ಣು ತೆರೆಯದೆ ಹೇಳುವನು.

ಟೆಚಿಮಾನ್ ಅದೊಮಾಕೊನ ಸ್ವಂತ ಊರು. ಅಲ್ಲಿ ತಂಗಿ ಸೆರ್ವಾ ಇದ್ದಳು, ತಂಗಿಯ ಮಗಳು ಅಫ್ರಕೋಮ ಇದ್ದಳು. ಊರಲ್ಲಿ ಅವನನ್ನು ಸಾರಿಗೆಯ ದೊಡ್ಡ ಅಧಿಕಾರಿ ಎಂದು ತಿಳಿದಿದ್ದರು. ಹಾಗೆಂದು ಹೇಳಿದವನು ಅವನೇ. ತಂಗಿ ಫೋನ್ ಮಾಡಿ, "ಅಣ್ಣಾ, ಎಲ್ಲಿದ್ದೀಯಾ? ಹಬ್ಬಕ್ಕೆ ಬರ್ತೀಯಾ?" ಎಂದರೆ ಅವನ ಉತ್ತರ ಒಂದೇ. "ಟೆಚಿಮಾನ್ ಗಾಡಿಯಲ್ಲೇ ಕೂತಿದೀನಿ ಕಣಮ್ಮಾ. ಇನ್ನೇನು ಹೊರಡುತ್ತೆ." ಹೇಳಿದ ಮಾತಿನಲ್ಲಿ ಸುಳ್ಳಿನ ಎಳೆಯೂ ಇರಲಿಲ್ಲ. ಹಿಂದಿನಿಂದ ಅಂಟ್ವಿ "ಟೆಚಿಮಾನ್, ಟೆಚಿಮಾನ್!" ಎಂದು ಕೂಗುವುದೂ ಫೋನಿನಲ್ಲಿ ಕೇಳಿಸುತ್ತಿತ್ತು. ಮೊದಮೊದಲು ತಂಗಿ ಗೆಣಸು ಬೇಯಲಿಟ್ಟು ದಾರಿ ಕಾಯುತ್ತಿದ್ದಳು. ಆಮೇಲೆ ಗೆಣಸು ಇಡುವುದನ್ನು ಬಿಟ್ಟಳು. ಕೊನೆಗೆ ಆ ಕೇರಿಯಲ್ಲಿ ಬರುತ್ತೇನೆಂದು ಬಾರದವರಿಗೆಲ್ಲ "ಇವನೂ ಅದೊಮಾಕೊನ ಗಾಡಿ ಹತ್ತಿದ" ಎಂದು ನಗುವುದು ರೂಢಿಯಾಯಿತು.

ಅವನು ಯಾಕೆ ಹೋಗಲಿಲ್ಲ ಎಂದರೆ ನಾಚಿಕೆ. ಅಧಿಕಾರಿ ಎಂದು ಹೇಳಿಕೊಂಡವನು ಬರಿಗೈಯಲ್ಲಿ ಹೋಗುವುದು ಹೇಗೆ? ಮುಂದಿನ ಹಬ್ಬಕ್ಕೆ, ಅದರ ಮುಂದಿನ ಹಬ್ಬಕ್ಕೆ ಎಂದು ತಳ್ಳುತ್ತ ಹೋದ. ಇಷ್ಟು ವರ್ಷ ಅದೇ ಗಾಡಿಯಲ್ಲಿ ಹೊರಡದೆ ಕೂತ ಮೈಗೆ ಹೊರಡುವುದೆಂದರೇನೆಂದೇ ಮರೆತುಹೋಗಿತ್ತು. ಆದರೆ ಅಫ್ರಕೋಮಳನ್ನು ಮರೆತಿರಲಿಲ್ಲ. ಅವಳು ನಡೆಯಲು ಕಲಿಯುವ ಮೊದಲು ಅವನ ಹೆಗಲ ಮೇಲೆ ಕೂತು ಮಾರುಕಟ್ಟೆ ಸುತ್ತಿದವಳು. ಅವನ ಕಿವಿ ಹಿಡಿದುಕೊಂಡು "ಹೊರಡು, ಹೊರಡು" ಎನ್ನುತ್ತಿದ್ದಳು.

ಅವಳೇ ಒಂದು ದಿನ ಫೋನ್ ಮಾಡಿದಳು.

"ವೋಫಾ," ಎಂದಳು. ಸೋದರಮಾವನನ್ನು ಅವರು ಕರೆಯುವುದು ಹಾಗೆ. "ಶನಿವಾರ ಬೆಳಗ್ಗೆ ಹುಡುಗನ ಕಡೆಯವರು ಬಾಗಿಲು ತಟ್ಟೋಕೆ, ಹೆಣ್ಣು ಕೇಳೋಕೆ ಬರ್ತಿದಾರೆ. ಹುಡುಗನ ತಂದೆ ಹೆಡ್‌ಮಾಸ್ಟ್ರು."

ಅದೊಮಾಕೊನ ಕೈ ತಾನಾಗಿ ಕನ್ನಡಕಕ್ಕೆ ಹೋಯಿತು. "ನಿಜವಾದ ಹೆಡ್‌ಮಾಸ್ಟ್ರಾ?"

"ಹೆಡ್‌ಮಾಸ್ಟ್ರಲ್ಲಿ ನಿಜ ಸುಳ್ಳು ಅಂತ ಇರ್ತಾರಾ? ಕೇಳಿ ಇಲ್ಲಿ. ಅವರು ಪಾನೀಯದ ಬಾಟಲಿ ತರ್ತಾರೆ. ಅದನ್ನ ಇಸ್ಕೊಳೋ ಕೈ ಅಮ್ಮನ ಅಣ್ಣಂದೇ ಆಗ್ಬೇಕು. ಅಮ್ಮನಿಗೆ ನೀವೊಬ್ಬರೇ. ಸೋದರಮಾವ ಕೂರೋ ಕುರ್ಚಿ ಖಾಲಿ ಇದ್ರೆ, ಇವಳಿಗೆ ಹಿಂದೆ ಮುಂದೆ ಯಾರೂ ಇಲ್ಲ ಅಂತಾರೆ. ನಾನು ಆ ಮನೇಲಿ ಜೀವಮಾನ ಇಡೀ ತಲೆ ತಗ್ಗಿಸ್ಕೊಂಡಿರ್ಬೇಕು."

"ಬರ್ತೀನಿ ಮಗಳೇ. ನೋಡು, ಈಗ್ಲೇ ಗಾಡಿಯಲ್ಲಿ..."

"ಗಾಡಿಯಲ್ಲಿ ಕೂತಿದೀನಿ ಅಂತ ಮಾತ್ರ ಹೇಳ್ಬೇಡಿ ವೋಫಾ. ಅದನ್ನ ಕೇಳ್ತಾ ಕೇಳ್ತಾನೇ ನಾನು ದೊಡ್ಡೋಳಾದೆ. ಬಂದ್ಬಿಡಿ. ಏನೂ ತರ್ಬೇಡಿ. ಬಂದು ಕೂತ್ರೆ ಸಾಕು."

ಕೂರುವುದೊಂದನ್ನೇ ಬಲ್ಲವನಿಗೆ ಇದಕ್ಕಿಂತ ಸುಲಭದ ಕೆಲಸವನ್ನು ಯಾರೂ ಕೊಟ್ಟಿರಲಿಲ್ಲ. ಅವನಿಗೆ ಅಳು ಬಂತು. ಈ ಸಲ ಹೋಗಿಯೇ ಹೋಗುತ್ತೇನೆ ಎಂದು ಗಟ್ಟಿಯಾಗಿ ಹೇಳಿಕೊಂಡ.

ಶುಕ್ರವಾರ ಬೆಳಗ್ಗೆ ಚರ್ಮದ ಬ್ಯಾಗಿನಿಂದ ಹಳೆಯ ಪತ್ರಿಕೆಗಳನ್ನು ಸುರಿದು ಹಾಕಿದ. ತಾನು ಹೆಗಲ ಮೇಲೆ ಹೊದೆಯಬೇಕಾದ ಸಮಾರಂಭದ ಬಟ್ಟೆ, ಅಗಲ ಪಟ್ಟಿಯ ಕಪ್ಪು ಚಪ್ಪಲಿ, ಅಫ್ರಕೋಮಳಿಗೆಂದು ಕೊಂಡ ಹಳದಿ ಹೂವಿನ ಬಟ್ಟೆ, ಎಲ್ಲವನ್ನೂ ಮಡಿಸಿ ಇಟ್ಟ. ಸ್ಟೇಷನ್ನಿಗೆ ಬಂದರೆ ಬಾಗಿಲಲ್ಲೇ ಕೆಂಕೆ ಮಾರುವ ಮನ್ಸಾ ಕೂತಿದ್ದಳು. ಎಲೆ ಸುತ್ತಿದ ಜೋಳದ ಉಂಡೆಗಳನ್ನು ಜೋಡಿಸುತ್ತ, ಬಂದವರಿಗೆಲ್ಲ ಕುಟುಕು ಮಾತು ಹಂಚುವುದು ಅವಳ ಬೆಳಗಿನ ಕೆಲಸ.

"ಏನ್ ಹೆಡ್‌ಮಾಷ್ಟ್ರೇ, ಬ್ಯಾಗು ಇವತ್ತು ಭಾರ ಕಾಣುತ್ತೆ? ಪೇಪರ್ ಜಾಸ್ತಿ ಓದ್ತಿದೀರಾ?"

"ಊರಿಗೆ ಹೊರಟಿದೀನಿ ಮನ್ಸಾ."

"ದಿನಾ ಹೊರಡ್ತೀರಪ್ಪಾ. ಹೋಗಿಬನ್ನಿ. ಮಧ್ಯಾಹ್ನ ಊಟಕ್ಕೆ ಮೀನು ತೆಗೆದಿಟ್ಟಿರ್ತೀನಿ."

ಅಂಟ್ವಿಯ ಮುಂದೆ ಹೋಗಿ ಟಿಕೆಟ್ ಕೇಳಿದಾಗ ಅವನಂತೂ ಹೊಟ್ಟೆ ಹಿಡಿದುಕೊಂಡು ನಕ್ಕ. "ಲೋ, ಮೀನುಗಾರ ಅಂಗಡೀಲಿ ಮೀನು ಕೊಳ್ತಾನೇನೋ?" ಎಂದ. ಅದೊಮಾಕೊ ನಗಲಿಲ್ಲ. ಟಿಕೆಟ್ ಇಸಿದುಕೊಂಡು ಅಂಗಿಯ ಜೇಬಿಗೆ ಸೇರಿಸಿ, ಬ್ಯಾಗನ್ನು ಗಾಡಿಯ ಹಿಂಬದಿಯ ಸಾಮಾನಿನ ಜಾಗದಲ್ಲಿ ಇಡಿಸಿದ. ಹೊರಗಿನಿಂದ ನೋಡಿದರೆ ಗಾಡಿ ಮುಕ್ಕಾಲು ತುಂಬಿತ್ತು. ಇನ್ನೇನು ಹೊರಡುತ್ತೆ ಎಂದು ಅವನ ಎದೆ ಅರಳಿತು. ಹುರುಪಿನಿಂದ ಒಳಗೆ ಹೆಜ್ಜೆ ಇಟ್ಟು ಮುಖಗಳನ್ನು ನೋಡಿದ.

ಅಷ್ಟೂ ಜನ ಅವನ ಜೊತೆಯವರೇ. ಊರೂರಿಗೆ ಮಂಕುಬೂದಿ ಎರಚಿದವನ ಕಣ್ಣಿಗೆ ಅದೇ ಬೂದಿ ಬಿದ್ದಿತ್ತು. ಮೂರನೆಯ ಸಾಲಿನಲ್ಲಿ, ಅವನ ಮಾಮೂಲಿ ಕಿಟಕಿಯ ಪಕ್ಕದಲ್ಲೇ, ಸಿರಿಬೊ ಬಾಯಿ ತೆರೆದು ಮಲಗಿದ್ದ.

"ತಡವಾಯ್ತಲ್ಲ ಮಾಷ್ಟ್ರೇ, ಇವತ್ತು ಕೆಲಸಕ್ಕೆ ಬರಲ್ಲ ಅಂದ್ಕೊಂಡ್ವಿ," ಎಂದಿತು ಹಿಂದಿನ ಸಾಲು.

"ಕೆಲಸಕ್ಕೆ ಬಂದಿಲ್ಲ. ನಾನು ಪ್ರಯಾಣಿಕ. ಟಿಕೆಟ್ ತಗೊಂಡಿದೀನಿ."

ಇಡೀ ಗಾಡಿ ಗೊಳ್ಳೆಂದಿತು. "ಭಲೇ! ಇನ್ಮೇಲೆ ಟಿಕೆಟ್ ತೋರಿಸ್ಕೊಂಡು ಕೂರೋದಾ? ಇದು ಹೊಸ ವಿದ್ಯೆ!" ಎಂದು ಒಬ್ಬ ಅವನ ಬೆನ್ನು ತಟ್ಟಿದ. ಅದೊಮಾಕೊ ಆಣೆ ಹಾಕಿದಷ್ಟೂ ಅವರು ನಕ್ಕರು. ಕೊನೆಗೆ ಬಾಯಿ ಮುಚ್ಚಿಕೊಂಡು ಕಿಟಕಿಯ ಪಕ್ಕ ಕೂತ. ಸಿರಿಬೊನ ತಲೆ ಬಂದು ಅವನ ಭುಜದ ಮೇಲೆ ಬಿತ್ತು.

ಅವತ್ತು ಅವನಿಗೆ ಕಾಯುವುದು ಏನೆಂದು ಗೊತ್ತಾಯಿತು. ಬಿಸಿಲು ಏರಿತು. ತಗಡು ಕಾದಿತು. ಕಿಟಕಿಯಲ್ಲಿ ನೀರಿನ ಪೊಟ್ಟಣ, ಬಿಸ್ಕತ್ತು, ಹಲ್ಲುಜ್ಜುವ ಕಡ್ಡಿ, ಪಾದ್ರಿಯ ಆಶೀರ್ವಾದದ ಎಣ್ಣೆ ಒಂದರ ಹಿಂದೊಂದು ಬಂದು ಹೋದವು. ದಿನಾ ಇದೇ ಸೀಟಿನಲ್ಲಿ ಕೂತರೂ ಇಷ್ಟು ಬಿಸಿ ಅವನಿಗೆ ಯಾವತ್ತೂ ತಟ್ಟಿರಲಿಲ್ಲ. ಒಬ್ಬೊಬ್ಬರೇ ಪ್ರಯಾಣಿಕರು ಬಂದರು. ಅಂಟ್ವಿ ತಗಡು ತಟ್ಟಿದ. ಒಬ್ಬೊಬ್ಬನೇ ಜೊತೆಗಾರ ಹಾರಿ ಇಳಿದ. ಒಬ್ಬ ಬಂದರೆ ಒಬ್ಬ ಇಳಿಯುವುದರಿಂದ ಗಾಡಿ ಇದ್ದಷ್ಟೇ ಇತ್ತು. ಇದನ್ನು ಕಂಡುಹಿಡಿದ ಪಾಪಿ ಯಾರು ಎಂದು ಅವನು ಮನಸ್ಸಿನಲ್ಲೇ ಶಪಿಸಿದ. ಕೊನೆಗೆ ತಾಳ್ಮೆ ತಪ್ಪಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ.

"ಇನ್ನೆಷ್ಟೊತ್ತಯ್ಯಾ ಅಂಟ್ವಿ?"

"ಒಂದೇ ಸೀಟು ಸ್ವಾಮಿ, ಇನ್ನೇನು ಹೊರಡುತ್ತೆ!" ಎಂದು ಅಂಟ್ವಿ ತಿರುಗಿಯೂ ನೋಡದೆ ಹೇಳಿದ.

ಆದರೆ ಮಧ್ಯಾಹ್ನದ ಹೊತ್ತಿಗೆ ಅದು ನಿಜವೇ ಆಯಿತು. ಗಾಡಿಯಲ್ಲಿ ಉಳಿದ ಕೂಲಿಯವನು ಸಿರಿಬೊ ಒಬ್ಬನೇ. ಡ್ರೈವರ್ ಬಂದು ಸ್ಟಿಯರಿಂಗ್ ಹಿಡಿದ. ಇಂಜಿನ್ ಗುರುಗುಟ್ಟಿತು. ಅಷ್ಟರಲ್ಲಿ ಕೋಳಿಯ ಬುಟ್ಟಿ ಹೊತ್ತ ದಪ್ಪನೆಯ ಹೆಂಗಸೊಬ್ಬಳು ಏದುಸಿರು ಬಿಡುತ್ತ ಓಡಿ ಬಂದಳು. ಅಂಟ್ವಿ ಅವಳಿಗೆ ಟಿಕೆಟ್ ಹರಿದು ಕೊಟ್ಟು, ಮೂರನೆಯ ಸಾಲಿನ ಕಿಟಕಿಯ ಕೆಳಗೆ ಅಂಗೈಯಿಂದ ಎರಡು ಸಲ ತಟ್ಟಿದ.

ಸಿರಿಬೊ ಗೊರಕೆ ಹೊಡೆಯುತ್ತಿದ್ದ.

ಅದೊಮಾಕೊ ಗಡಿಯಾರ ನೋಡಿಕೊಂಡ. ನಾಲಿಗೆ ಲೊಚಗುಟ್ಟಿದ. "ಛೆ, ಮುಖ್ಯವಾದ ಕಾಗದ ಮರೆತೆನಲ್ಲ" ಎಂದ. ಭುಜದ ಮೇಲಿದ್ದ ಸಿರಿಬೊನ ತಲೆಯನ್ನು ಮೆಲ್ಲಗೆ ಸೀಟಿಗೆ ಒರಗಿಸಿ, ಯಾರ ಕಾಲೂ ತುಳಿಯದೆ ಇಳಿದು, ಬಾಗಿಲು ಹಿಡಿದು ನಿಂತ. "ಬನ್ನಿ ತಾಯಿ, ಗಾಡಿ ಇನ್ನೇನು ಹೊರಡುತ್ತೆ" ಎಂದ. ಹೆಂಗಸು ಹತ್ತಿದಳು. ಗಾಡಿ ಹೊರಟಿತು. ಅವನು ನೇರವಾಗಿ ಅಂಟ್ವಿಯ ಮುಂದೆ ಹೋಗಿ ಕೈ ಚಾಚಿದ. ಅಂಟ್ವಿ ಎತ್ತಲೋ ನೋಡುತ್ತ ಆ ಕೈಗೆ ಒಂದು ನಾಣ್ಯ ಹಾಕಿದ.

ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನೀನು... ಟಿಕೆಟ್ ತಗೊಂಡಿದ್ದೆ ಅಲ್ವೇನೋ?" ಎಂದ ಅಂಟ್ವಿ.

ಅದೊಮಾಕೊ ಓಡಿದ. ಹಿಡಿದುಕೊಂಡ ಸೊಂಟ, ಹಾರುವ ಟೈ, ಮೂಗಿನಿಂದ ಜಾರಿದ ಕನ್ನಡಕ, ಯಾವುದನ್ನೂ ಲೆಕ್ಕಿಸದೆ ಓಡಿದ. "ನಿಲ್ಲಿಸೋ! ನಾನು ಪ್ರಯಾಣಿಕ ಕಣೋ!" ಎಂದು ಕೂಗಿದ. ಅವತ್ತಿನವರೆಗೂ ಅಷ್ಟು ಚುರುಕಾಗಿ ಓಡದ ಗಾಡಿ ಅವತ್ತು ಕುದುರೆಯಾಗಿತ್ತು. ರಸ್ತೆಯ ವ್ಯಾಪಾರಿಗಳು ಚಪ್ಪಾಳೆ ತಟ್ಟಿದರು. ಮನ್ಸಾ ಮಾತ್ರ ನಗಲಿಲ್ಲ. ಅವನು ತಿರುಗಿ ಬಂದಾಗ ಒಂದು ಲೋಟ ನೀರು ಕೊಟ್ಟಳು.

"ಅಲ್ಲ ಮಾರಾಯಾ, ತಟ್ಟಿದ್ದು ನಿನಗಲ್ಲ. ಎದ್ದಿದ್ಯಾಕೆ?" ಎಂದು ಅಂಟ್ವಿ ಕೇಳಿದ.

"ಗೊತ್ತಿಲ್ಲ," ಎಂದ ಅದೊಮಾಕೊ. ಅವನಿಗೆ ನಿಜವಾಗಿ ಗೊತ್ತಿರಲಿಲ್ಲ.

ಸಿರಿಬೊನ ಫೋನಿಗೆ ಕರೆ ಮಾಡಿದ. ಅದು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಎಷ್ಟೋ ಹೊತ್ತಿನ ಮೇಲೆ ಅತ್ತ ಕಡೆ ಗಾಬರಿಯ ದನಿ ಕೇಳಿತು.

"ಮಾಷ್ಟ್ರೇ, ಮರಗಳು ಓಡ್ತಿದಾವೆ! ಗಾಡಿ ಹೊರಟ್ಬಿಟ್ಟಿದೆ! ಡ್ರೈವರ್ ಟಿಕೆಟ್ ತೋರಿಸು, ಇಲ್ಲ ಇಳಿ ಅಂತಾನೆ. ಇಲ್ಲಿ ಕಾಡು ಬಿಟ್ರೆ ಏನೂ ಇಲ್ಲ!"

ಅದೊಮಾಕೊ ಕಣ್ಣು ಮುಚ್ಚಿದ. ಬ್ಯಾಗು ಹೊರಟುಹೋಗಿತ್ತು. ಹಳದಿ ಹೂವಿನ ಬಟ್ಟೆಯೂ ಅದರ ಜೊತೆ ಹೊರಟುಹೋಗಿತ್ತು. "ಫೋನ್ ಡ್ರೈವರ್‌ಗೆ ಕೊಡು," ಎಂದ. ಸೀಟಿನ ಹಣ ತಾನು ಕಟ್ಟಿದ್ದೇನೆ, ಟಿಕೆಟ್ ತನ್ನ ಜೇಬಿನಲ್ಲಿದೆ, ಬೇಕಾದರೆ ಅಂಟ್ವಿಯನ್ನು ಕೇಳು, ಅವನನ್ನು ಟೆಚಿಮಾನ್‌ವರೆಗೆ ಕರೆದುಕೊಂಡು ಹೋಗು ಎಂದು ಡ್ರೈವರನಿಗೆ ಹೇಳಿ ಒಪ್ಪಿಸಿದ. ಆಮೇಲೆ ಸಿರಿಬೊನಿಗೆ ತಂಗಿಯ ಮನೆಯ ಗುರುತು ಹೇಳಿದ. "ಹಿಂದೆ ನನ್ನ ಬ್ಯಾಗಿದೆ. ಸೆರ್ವಾಳ ಕೈಗೆ ಕೊಡು. ನಾನು ಮುಂದಿನ ಗಾಡೀಲಿ ಬರ್ತಿದೀನಿ ಅಂತ ಹೇಳು."

ಮುಂದಿನ ಗಾಡಿ ಸಾಲಿಗೆ ಬಂತು. ಅದೊಮಾಕೊ ಮತ್ತೆ ಹಣ ಕಟ್ಟಿ ಮೊದಲನೆಯವನಾಗಿ ಹತ್ತಿ ಕೂತ. ಜೊತೆಯವರು ಬಂದು ಸುತ್ತ ಕೂತರು. ಆದರೆ ವಾರದ ಕೊನೆಗೆ ಊರಿಗೆ ಹೋಗುವವರೆಲ್ಲ ಹೋಗಿಯಾಗಿತ್ತು. ಬಂದವರು ಬೆರಳೆಣಿಕೆಯಷ್ಟು ಜನ, ಅವರೂ ಕಾದು ಕಾದು ಇಳಿದು ಹೋದರು. ಸಂಜೆಗೆ ಡ್ರೈವರ್ ಕೀಲಿ ಕಿಸೆಗೆ ಹಾಕಿಕೊಂಡು ಊಟಕ್ಕೆ ಹೋದವನು ತಿರುಗಿ ಬರಲಿಲ್ಲ. ಕತ್ತಲಾದ ಮೇಲೆ ಆ ಸ್ಟೇಷನ್ನಿನಿಂದ ಗಾಡಿ ಬಿಡುವುದಿಲ್ಲ. ಊರಲ್ಲಿ ಬೇರೆ ಸ್ಟೇಷನ್ನುಗಳಿದ್ದವು, ಅಲ್ಲಿ ರಾತ್ರಿಯ ಬಸ್ಸುಗಳೂ ಇದ್ದವು. ಅದು ಅವನಿಗೆ ಹೊಳೆಯಲೇ ಇಲ್ಲ. ಟೆಚಿಮಾನ್‌ಗೆ ಹೋಗುವುದೆಂದರೆ ಅವನ ಮಟ್ಟಿಗೆ ಬೇವಿನಮರದ ಕೆಳಗೆ ಈ ಗಾಡಿಯಲ್ಲಿ ಕೂರುವುದು. ಅಲ್ಲೇ ಮುದುಡಿ ಮಲಗಿದ.

ಶನಿವಾರ ಬೆಳಗ್ಗೆ ಅದೇ ಸೀಟಿನಲ್ಲಿ ಕೂತಿದ್ದಾಗ ಫೋನ್ ಬಡಿದುಕೊಂಡಿತು. ಸೆರ್ವಾಳ ಹೆಸರು ಕಂಡಿತು. ಈಗ ಎತ್ತಿದರೆ ಎಲ್ಲಿದ್ದೀಯಾ ಎಂದು ಕೇಳುತ್ತಾಳೆ. ಏನೆಂದು ಹೇಳುವುದು? ಹೇಳಬೇಕಾದ ನಿಜ ಒಂದೇ ಇತ್ತು, ಗಾಡಿಯಲ್ಲೇ ಕೂತಿದ್ದೇನೆ ಎನ್ನುವುದು. ಫೋನನ್ನು ಆರಿಸಿ ಜೇಬಿಗೆ ಹಾಕಿಕೊಂಡ. ಹುಡುಗನ ಕಡೆಯವರು ಆಗಲೇ ಬಂದಿರಬೇಕು. ಖಾಲಿ ಕುರ್ಚಿಯನ್ನೂ ಅದರ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತ ಹುಡುಗಿಯನ್ನೂ ನೆನೆದು ಅವನು ಮಗುವಿನಂತೆ ಅತ್ತ. ಹೆಡ್‌ಮಾಸ್ಟರು ಅಳುವುದನ್ನು ಕಂಡ ಯಾರೂ ಆ ಗಾಡಿ ಹತ್ತಲಿಲ್ಲ. ಅಂಟ್ವಿ ಬಂದು, "ಬೇಕಾದ್ರೆ ಹಿಂದಿನ ಸೀಟಲ್ಲಿ ಅಳಪ್ಪಾ, ವ್ಯಾಪಾರ ಕೆಡುತ್ತೆ," ಎಂದು ಹೇಳಿ ಹೋದ.

ಸೋಮವಾರ ಸಿರಿಬೊ ತಿರುಗಿ ಬಂದ. ಮುಖ ತುಂಬಿಕೊಂಡಿತ್ತು, ನಡಿಗೆಯೇ ಬೇರೆಯಾಗಿತ್ತು. ಅದೊಮಾಕೊ ಮಾಮೂಲಿ ಕಿಟಕಿಯಲ್ಲಿ ಕೆಲಸದ ಮೇಲೆ ಕೂತಿದ್ದ. ಸಿರಿಬೊ ಬಂದು ಪಕ್ಕದಲ್ಲಿ ಕೂತು, ಖಾಲಿ ಬ್ಯಾಗನ್ನು ಅವನ ಕಾಲ ಹತ್ತಿರ ಇಟ್ಟ.

"ಏನಾಯ್ತು?" ಎಂದ ಅದೊಮಾಕೊ.

"ಏನಾಗುತ್ತೆ? ಬ್ಯಾಗು ಕೊಟ್ಟು ಬರೋಣ ಅಂತ ಹೋದೆ. ಯಾರು ನೀನು ಅಂದ್ಲು ನಿನ್ನ ತಂಗಿ. ಅದೊಮಾಕೊ ಕಳಿಸಿದ್ದು ಅಂದೆ. ಅಷ್ಟೇ ನೋಡು. ಕುಡಿಯೋಕೆ ನೀರು ಕೊಟ್ರು, ಸ್ನಾನಕ್ಕೆ ನೀರು ಕೊಟ್ರು. ಅಣ್ಣ ತನ್ನ ಬದಲು ಹಿರೀಕನ್ನ ಕಳಿಸಿದಾನೆ, ದೊಡ್ಡ ಅಧಿಕಾರಿಗಳು ಹೀಗೇ ಮಾಡೋದು ಅಂತ ಕೇರಿಗೆಲ್ಲ ಸಾರಿದ್ಲು."

"ನೀನು ಅಲ್ಲ ಅನ್ನಲಿಲ್ವಾ?"

"ಗೆಣಸು ಕುಟ್ಟಿ ಮಾಡಿದ ಫುಫು ಮುದ್ದೆ ಬಂತು, ಕಾಡಿಲಿ ಮಾಂಸದ ಸಾರು ಬಂತು. ಬಾಯಿ ತುಂಬ ಇಟ್ಕೊಂಡು ಹೇಗೋ ಅಲ್ಲ ಅನ್ನೋದು?" ಸಿರಿಬೊ ತುಟಿ ಸವರಿಕೊಂಡ. "ಬೆಳಗ್ಗೆ ನಿನ್ನ ಬಟ್ಟೆ ಹೊದಿಸಿದ್ರು. ಸ್ವಲ್ಪ ಉದ್ದ ಆಯ್ತು. ಚಪ್ಪಲಿ ಸರಿಹೋಯ್ತು. ಅದನ್ನೆಲ್ಲ ಒಗೆದು ಇಟ್ಟಿರ್ತೀವಿ, ಮುಂದಿನ ಸಲಕ್ಕೆ ಬೇಕಾಗುತ್ತೆ ಅಂದ್ರು. ಆಮೇಲೆ ಆ ಕುರ್ಚಿಯಲ್ಲಿ ಕೂರಿಸಿದ್ರು. ಕೈಹಿಡಿ ಇರೋ ದೊಡ್ಡ ಕುರ್ಚಿ. ಹೆಡ್‌ಮಾಸ್ಟ್ರು ಎದ್ದು ಬಂದು ಬಾಟಲಿ ಕೊಟ್ರು, ಇಸ್ಕೊಂಡೆ. ಹುಡುಗಿ ಹಳದಿ ಬಟ್ಟೆ ಉಟ್ಟಿದ್ಲು."

"ಹಳದಿ ಬಟ್ಟೆ," ಎಂದ ಅದೊಮಾಕೊ. ಆಮೇಲೆ, "ಅಲ್ಲಾದ್ರೂ ನಿದ್ದೆ ಮಾಡಲಿಲ್ಲ ತಾನೆ?" ಎಂದ.

"ಅದೇ ಕಣೋ ಆಶ್ಚರ್ಯ. ನಿದ್ದೆ ಬರಲೇ ಇಲ್ಲ. ಈಗ ಯಾರೋ ಬರ್ತಾರೆ, ತಟ್ತಾರೆ, ಏಳ್ಬೇಕು ಅಂತ ಕಿವಿ ನಿಮಿರಿಸ್ಕೊಂಡು ಕೂತಿದ್ದೆ. ಬೆಳಗ್ಗೆಯಿಂದ ಸಂಜೆ ತನಕ ಕೂತಿದ್ದೆ. ಯಾರೂ ತಟ್ಟಲಿಲ್ಲ."

ಅದೊಮಾಕೊನಿಗೆ ಅವನ ಕತ್ತು ಹಿಸುಕಬೇಕೆನಿಸಿತು. ಅವನ ಕೈ ಹಿಡಿದುಕೊಳ್ಳಬೇಕೆಂದೂ ಅನಿಸಿತು. ಕುರ್ಚಿ ಖಾಲಿ ಇರಲಿಲ್ಲ, ಹುಡುಗಿ ತಲೆ ತಗ್ಗಿಸಲಿಲ್ಲ; ಅವನು ಬೇಡಿಕೊಂಡದ್ದು ಅಷ್ಟೇ ತಾನೆ. ಎರಡರಲ್ಲಿ ಒಂದನ್ನೂ ಮಾಡದೆ ಜೇಬಿನಿಂದ ಫೋನ್ ತೆಗೆದು, ಶನಿವಾರದಿಂದ ಸತ್ತಿದ್ದ ಅದಕ್ಕೆ ಜೀವ ಕೊಟ್ಟ. ಸ್ವಲ್ಪ ಹೊತ್ತಿನಲ್ಲೇ ಅದು ಬಡಿದುಕೊಂಡಿತು. ಅಫ್ರಕೋಮ.

"ವೋಫಾ!" ಅವಳ ದನಿಯಲ್ಲಿ ಕೋಪವಿರಲಿಲ್ಲ. ಕೋಪಕ್ಕೆ ಸಿದ್ಧನಾಗಿದ್ದ ಅವನಿಗೆ ಅದೇ ಭಯವಾಯಿತು. "ಎಲ್ಲ ಚೆನ್ನಾಗಾಯ್ತು. ಬಟ್ಟೆ ತುಂಬಾ ಚೆನ್ನಾಗಿದೆ. ನಿಮ್ಮವರು ಎಷ್ಟು ಗಂಭೀರವಾಗಿ ಕೂತಿದ್ರು ಗೊತ್ತಾ? ನಮ್ಮ ಮಾವನವರಂತೂ ಮೆಚ್ಚಿಕೊಂಡ್ಬಿಟ್ರು."

"ಮಗಳೇ, ನಾನು ಹೊರಟಿದ್ದೆ ಕಣಮ್ಮಾ. ಟಿಕೆಟ್ ತಗೊಂಡಿದ್ದೆ. ನಿಜವಾಗ್ಲೂ ಕೂತಿದ್ದೆ..."

"ಇರಲಿ ಬಿಡಿ ವೋಫಾ." ಅವಳು ನಕ್ಕಳು. ಚಿಕ್ಕಂದಿನಲ್ಲಿ ಅವನ ಹೆಗಲ ಮೇಲಿಂದ ನಗುತ್ತಿದ್ದ ಹಾಗೆಯೇ ಇತ್ತು ಆ ನಗು. "ನಾಳೆ ಮಗು ಗಿಗು ಆದ್ರೆ ಹೆಸರಿಡೋ ದಿನಾನೂ ಆ ಕುರ್ಚಿಗೆ ಜನ ಬೇಕಲ್ಲ. ಆಗಲೂ ಅವರನ್ನೇ ಕಳಿಸಿ. ಅವರಾದ್ರೆ ಬರ್ತಾರೆ."

ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡ.

"ಈಗ ಎಲ್ಲಿದ್ದೀರಾ?" ಎಂದು ಅವಳು ಕೇಳಿದಳು. ಕೇಳಿ, ಉತ್ತರಕ್ಕೆ ಕಾಯದೆ ಫೋನ್ ಇಟ್ಟಳು.

ಅಷ್ಟರಲ್ಲಿ ಕಿಟಕಿಯ ಕೆಳಗೆ ಎರಡು ಸಲ ತಟ್ಟಿದ ಸದ್ದಾಯಿತು. ಅದೊಮಾಕೊ ಏಳಲಿಲ್ಲ. ಅಂಟ್ವಿ ಕಾದ, ಕಿಟಕಿಯೊಳಗೆ ಇಣುಕಿದ, ಮತ್ತೆ ತಟ್ಟಿದ. ಹೊರಗೆ ಸೂಟ್‌ಕೇಸ್ ಹಿಡಿದ ಯುವಕನೊಬ್ಬ ನಿಂತಿದ್ದ. "ಏ ಹೆಡ್‌ಮಾಷ್ಟ್ರೇ!" ಎಂದು ಅಂಟ್ವಿ ಪಿಸುಗುಟ್ಟಿದ. ಅದೊಮಾಕೊ ಗಡಿಯಾರ ನೋಡಿಕೊಂಡ, ಖಾಲಿ ಬ್ಯಾಗನ್ನು ಎತ್ತಿಕೊಂಡ. ಕಾಗದ ಮರೆತ ಮಾತು ಹೇಳಲಿಲ್ಲ. ಸುಮ್ಮನೆ ಇಳಿದು, ಯುವಕನಿಗೆ ಬಾಗಿಲು ಹಿಡಿದು ನಿಂತ.